ಲಿನಕ್ಸ್ ಡೆಸ್ಕ್‌ಟಾಪ್: ಮನೆಗೆ ಯಾವುದು, ಕಚೇರಿಗೆ ಯಾವುದು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಬಹುತೇಕ ಎಂಟನೇ ತಲೆಮಾರಿನದು ಅಥವಾ ಆಮೇಲಿನದು ಬೇಕು. ನಾಲ್ಕನೇ, ಆರನೇ ತಲೆಮಾರಿನ ಎಷ್ಟೋ ಕಂಪ್ಯೂಟರುಗಳು ಇನ್ನೂ ಚೆನ್ನಾಗಿ ಓಡುತ್ತಿದ್ದರೂ ಈ ಗೆರೆಯ ಆಚೆಗೆ ಉಳಿದುಬಿಟ್ಟಿವೆ. ಅವಕ್ಕೆ 240 ಜಿಬಿಯ ಒಂದು ಎಸ್‌ಎಸ್‌ಡಿ, ಸಾಧ್ಯವಾದರೆ 8 ಜಿಬಿ ರ‍್ಯಾಮ್ ಹಾಕಿ ವಿಂಡೋಸ್ ಬದಲಿಗೆ ಬಳಸಬಹುದಾದ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಕೂರಿಸಿದರೆ ಇನ್ನೂ ಹಲವು ವರ್ಷ ದುಡಿಯುತ್ತವೆ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಹಾಗೇ ಇಟ್ಟುಕೊಂಡು ಹಗುರವಾದ ಡಿಸ್ಟ್ರೊ (ಲಿನಕ್ಸ್‌ನ ಬೇರೆಬೇರೆ ಸಿದ್ಧರೂಪಗಳಲ್ಲಿ ಒಂದು) ಹುಡುಕುತ್ತಾ ಹೋದರೆ ಸಮಯ ವ್ಯರ್ಥ; ಯಾವ ಡಿಸ್ಟ್ರೊ ಬದಲಾಯಿಸಿದರೂ ಎಸ್‌ಎಸ್‌ಡಿ ತರುವಷ್ಟು ವೇಗ ಬರುವುದಿಲ್ಲ.

ಡಿಸ್ಟ್ರೊ ಆರಿಸುವವರು ಸಾಮಾನ್ಯವಾಗಿ ಸ್ಕ್ರೀನ್‌ಶಾಟ್ ನೋಡಿ ಶುರು ಮಾಡುತ್ತಾರೆ. ಮೆನು ಎಲ್ಲಿದೆ, ಬಣ್ಣ ಯಾವುದು ಎಂಬುದನ್ನು ಆಮೇಲೆ ಹೇಗೆ ಬೇಕಾದರೂ ಬದಲಿಸಬಹುದು. ಬದಲಿಸಲು ಬಾರದವು ಎರಡೇ: ಆ ಆವೃತ್ತಿಗೆ ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಬರುತ್ತದೆ ಎಂಬುದು, ಮತ್ತು ನಿಮ್ಮ ಕೆಲಸಕ್ಕೆ ಬೇಕೇಬೇಕಾದ ಸಾಫ್ಟ್‌ವೇರ್, ಪ್ರಿಂಟರ್, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗಳು ಅದರ ಮೇಲೆ ನಡೆಯುತ್ತವೆಯೇ ಎಂಬುದು. ಆದ್ದರಿಂದ ಹೆಸರುಗಳಿಗೆ ಹೋಗುವ ಮುಂಚೆ ಒಂದು ಹಾಳೆಯ ಮೇಲೆ ಆ ಕಂಪ್ಯೂಟರ್ ಒಂದು ತಿಂಗಳಲ್ಲಿ ಮಾಡುವ ಕೆಲಸಗಳನ್ನೆಲ್ಲ ಬರೆದುಕೊಳ್ಳಿ.

ದಾರಿಗೆ ಅಡ್ಡ ಬರುವವು

ಬ್ರೌಸರ್, ಇಮೇಲ್, ವಾಟ್ಸಾಪ್ ವೆಬ್, ಗೂಗಲ್ ಮೀಟ್, ಬ್ಯಾಂಕಿನ ಜಾಲತಾಣ, ಪಿಡಿಎಫ್, ವಿಡಿಯೊ ಇವಕ್ಕೆ ಎಲ್ಲ ಡಿಸ್ಟ್ರೊಗಳೂ ಸಾಕು. ಝೂಮ್‌ಗೆ ಲಿನಕ್ಸ್ ಆವೃತ್ತಿ ಇದೆ. ಟೀಮ್ಸ್‌ನ ಪ್ರತ್ಯೇಕ ಲಿನಕ್ಸ್ ಆ್ಯಪ್ ಅನ್ನು ಮೈಕ್ರೋಸಾಫ್ಟ್ 2022ರಲ್ಲೇ ನಿಲ್ಲಿಸಿದೆ, ಈಗ ಬ್ರೌಸರ್ ಮೂಲಕ ಬಳಸಬೇಕು. ತೊಡಕು ಬರುವುದು ಮುಂದಿನವುಗಳಲ್ಲಿ.

ಟ್ಯಾಲಿ. ನಮ್ಮ ಬೆಂಗಳೂರಿನ ಕಂಪನಿಯೇ ಮಾಡುವ ಟ್ಯಾಲಿಪ್ರೈಮ್ ವಿಂಡೋಸ್‌ಗೆ ಮಾತ್ರ. ವೈನ್ ಎಂಬ ತಂತ್ರಾಂಶದ ಮೇಲೆ ಅದನ್ನು ಓಡಿಸಲು ಯತ್ನಿಸುವವರಿದ್ದಾರೆ. ಆದರೆ ಅದು ಕಂಪನಿ ಬೆಂಬಲಿಸುವ ದಾರಿಯಲ್ಲ; ವರ್ಷದ ಲೆಕ್ಕಪತ್ರವನ್ನು ಅದರ ಮೇಲೆ ಬಿಡಬಾರದು. ಭದ್ರವಾದ ದಾರಿ ಎರಡಿವೆ. ಒಂದು, ಕಚೇರಿಯಲ್ಲಿ ಒಂದೇ ಒಂದು ವಿಂಡೋಸ್ 11 ಪ್ರೊ ಯಂತ್ರ ಉಳಿಸಿಕೊಂಡು, ಲಿನಕ್ಸ್‌ನ ರೆಮಿನಾ ಆ್ಯಪ್‌ನಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಅದನ್ನು ಬಳಸುವುದು. ವಿಂಡೋಸ್ ಹೋಮ್ ಆವೃತ್ತಿ ಹೀಗೆ ಹೊರಗಿನ ಸಂಪರ್ಕ ಸ್ವೀಕರಿಸುವುದಿಲ್ಲ, ಪ್ರೊ ಸಹ ಒಂದು ಹೊತ್ತಿಗೆ ಒಬ್ಬರನ್ನಷ್ಟೇ ಬಿಡುತ್ತದೆ. ಇನ್ನೊಂದು, ಲಿನಕ್ಸ್ ಒಳಗೇ ವರ್ಚುವಲ್‌ಬಾಕ್ಸ್‌ನಲ್ಲಿ (ಯಂತ್ರದೊಳಗೆ ಇನ್ನೊಂದು ಯಂತ್ರ ಸೃಷ್ಟಿಸುವ ತಂತ್ರಾಂಶ) ವಿಂಡೋಸ್ ಇಡುವುದು. ಅದಕ್ಕೆ ಅಧಿಕೃತ ವಿಂಡೋಸ್ ಲೈಸೆನ್ಸ್ ಬೇಕು, ಯಂತ್ರದಲ್ಲಿ 8 ಜಿಬಿ ಇದ್ದರೆ ಇಕ್ಕಟ್ಟು, 16 ಇದ್ದರೆ ನಿರಾಳ. ಎರಡರಲ್ಲಿ ಯಾವುದಾದರೂ ಸರಿ, ಹಳೆಯ ಯಂತ್ರ ಅಳಿಸುವ ಮುಂಚೆ ಟ್ಯಾಲಿಯ ಲೈಸೆನ್ಸ್ ಸರೆಂಡರ್ ಮಾಡಿ, ಡೇಟಾದ ಬ್ಯಾಕಪ್ ತೆಗೆದು, ಹೊಸ ಜಾಗದಲ್ಲಿ ತೆರೆದು ನೋಡಿ.

ಡಿಜಿಟಲ್ ಸಹಿ. ಇಪಾಸ್ 2003, ಪ್ರಾಕ್ಸ್‌ಕೀ ಟೋಕನ್‌ಗಳಿಗೆ ಲಿನಕ್ಸ್ ಡ್ರೈವರ್ ಸಿಗುತ್ತವೆ. ಆದರೆ ಟೋಕನ್ ಕಂಡಮಾತ್ರಕ್ಕೆ ಸಹಿ ಆಗುವುದಿಲ್ಲ. ಆಯಾ ಸರ್ಕಾರಿ ಜಾಲತಾಣ ಕೇಳುವ ಸಹಿ ತಂತ್ರಾಂಶವೂ ಓಡಬೇಕು. ಪ್ರತಿ ಜಾಲತಾಣವನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು, ಒಂದರಲ್ಲಿ ಆಯಿತೆಂದರೆ ಇನ್ನೊಂದರಲ್ಲಿ ಆಗುತ್ತದೆ ಎಂದು ನಂಬಬಾರದು. ಇಲ್ಲಿ ಉಬುಂಟು ಡಿಸ್ಟ್ರೊಗೆ ಸೇರಿದ ಒಂದು ಬಲೆ ಇದೆ: 22.04ರಿಂದ ಅದರ ಫೈರ್‌ಫಾಕ್ಸ್ ಬರುವುದು ಸ್ನ್ಯಾಪ್ ಪೊಟ್ಟಣವಾಗಿ. ಸ್ನ್ಯಾಪ್‌ನ ಬೇಲಿಯೊಳಗಿನ ಬ್ರೌಸರಿಗೆ ಹೊರಗಿರುವ ಟೋಕನ್ ಡ್ರೈವರ್ ಸಾಮಾನ್ಯವಾಗಿ ಕಾಣುವುದಿಲ್ಲ. ಡ್ರೈವರ್ ಸರಿಯಿಲ್ಲವೆಂದು ದಿನವಿಡೀ ಹುಡುಕಿದರೂ ದೋಷ ಸಿಗದು. ಸ್ನ್ಯಾಪ್ ತೆಗೆದು, ಫೈರ್‌ಫಾಕ್ಸ್ ತಯಾರಕ ಮೊಝಿಲ್ಲಾದ ಸ್ವಂತ ಭಂಡಾರದಿಂದ (ತಂತ್ರಾಂಶ ಇಳಿಸಿಕೊಳ್ಳುವ ಆನ್‌ಲೈನ್ ಸಂಗ್ರಹ) ಬೇಲಿಯಿಲ್ಲದ ಡೆಬ್ ಆವೃತ್ತಿ ಹಾಕಿಕೊಳ್ಳಬೇಕು. ಮಿಂಟ್ ಮತ್ತು ಡೆಬಿಯನ್ ಡಿಸ್ಟ್ರೊಗಳಲ್ಲಿ ಈ ತಂಟೆ ಇಲ್ಲ. ಮಾಲೀಕತ್ವದ ಅಥವಾ ಪಾಲುದಾರಿಕೆಯ ಸಣ್ಣ ವ್ಯಾಪಾರವಾದರೆ ಜಿಎಸ್‌ಟಿ ರಿಟರ್ನ್‌ಗೆ ಒಟಿಪಿ ಸಾಕಾಗುತ್ತದೆ. ಕಂಪನಿ, ಎಲ್‌ಎಲ್‌ಪಿಗಳಿಗೆ ಟೋಕನ್ ತಪ್ಪಿದ್ದಲ್ಲ.

ಆಧಾರ್ ಬೆರಳಚ್ಚು. ಬಯೋಮೆಟ್ರಿಕ್ ಯಂತ್ರಗಳನ್ನು ಆಧಾರ್‌ಗೆ ಜೋಡಿಸುವ ಆರ್‌ಡಿ ಸರ್ವಿಸ್ ತಂತ್ರಾಂಶ ಹೆಚ್ಚಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ ಬರುತ್ತದೆ. ಗ್ರಾಮ ಒನ್ ಅಥವಾ ಸಿಎಸ್‌ಸಿ ಕೇಂದ್ರದ ಮುಖ್ಯ ಯಂತ್ರವನ್ನು ಲಿನಕ್ಸ್‌ಗೆ ಬದಲಿಸಬೇಡಿ. ಅರ್ಜಿ ಟೈಪ್ ಮಾಡುವ, ಮುದ್ರಿಸುವ ಎರಡನೇ ಯಂತ್ರವನ್ನು ಧಾರಾಳವಾಗಿ ಬದಲಿಸಬಹುದು.

ಎಕ್ಸೆಲ್ ಮ್ಯಾಕ್ರೊ. ತೆರಿಗೆ ಇಲಾಖೆಯ ಎಕ್ಸೆಲ್ ಯುಟಿಲಿಟಿಗಳು, ಲೆಕ್ಕಪರಿಶೋಧಕರು ಕಳಿಸುವ ಮ್ಯಾಕ್ರೊ ತುಂಬಿದ ಹಾಳೆಗಳು ಲಿಬ್ರೆಆಫೀಸ್‌ನಲ್ಲಿ ತೆರೆದುಕೊಂಡರೂ ಗುಂಡಿ ಒತ್ತಿದಾಗ ಕೈಕೊಡುತ್ತವೆ. ಅವನ್ನು ಆ ಒಂದು ವಿಂಡೋಸ್ ಯಂತ್ರಕ್ಕೇ ಬಿಡಿ.

ಪ್ರಿಂಟರ್. ಇತ್ತೀಚಿನ ವೈಫೈ ಪ್ರಿಂಟರುಗಳು ಐಪಿಪಿ ಎವ್ರಿವೇರ್ ಅಥವಾ ಏರ್‌ಪ್ರಿಂಟ್ ಬಲ್ಲವಾದ್ದರಿಂದ ಡ್ರೈವರ್ ಇಲ್ಲದೆಯೇ ಮುದ್ರಿಸುತ್ತವೆ. ಹಳೆಯ ಎಚ್‌ಪಿ ಲೇಸರ್‌ಜೆಟ್ 1020, ಎಂ1005ಗಳು ಪಟ್ಟಿಯಲ್ಲಿ ಕಾಣಿಸಿಕೊಂಡೂ ಕಾಗದ ಎಳೆಯುವುದಿಲ್ಲ. ಕಾರಣ, ಎಚ್‌ಪಿಲಿಪ್ ಎಂಬ ಡ್ರೈವರ್ ಜೊತೆಗೆ ಎಚ್‌ಪಿಯ ಪ್ರತ್ಯೇಕ ಪ್ಲಗಿನ್ ಇಳಿಸಿಕೊಳ್ಳಬೇಕು. ಎಚ್‌ಪಿಲಿಪ್ ಆವೃತ್ತಿ ಬದಲಾದಾಗ ಪ್ಲಗಿನ್ ಸಹ ಅದೇ ಆವೃತ್ತಿಯದ್ದು ಬೇಕು. ಅಪ್‌ಡೇಟ್ ಆದ ಮರುದಿನ ಮುದ್ರಣ ನಿಂತರೆ ಮೊದಲು ಅದನ್ನೇ ನೋಡಿ. ಎಪ್ಸನ್ ಎಲ್ ಸರಣಿ, ಬ್ರದರ್ ಯಂತ್ರಗಳಿಗೆ ತಯಾರಕರೇ ಡ್ರೈವರ್ ಕೊಡುತ್ತಾರೆ. ನಮ್ಮ ಅಂಗಡಿ, ಕಚೇರಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಕ್ಯಾಪ್ಟ್ ಎಂಬ ತನ್ನದೇ ಭಾಷೆ ಆಡುವ ಪ್ರಿಂಟರ್. ಸಾಹಸ ಮಾಡಿದರೆ ಓಡುತ್ತದೆ, ಆದರೆ ದಿನವೂ ಬಿಲ್ ಮುದ್ರಿಸುವ ಕಡೆ ಅದನ್ನು ವಿಂಡೋಸ್ ಯಂತ್ರಕ್ಕೆ ಜೋಡಿಸಿ, ಹಂಚಿಕೊಂಡ ಫೋಲ್ಡರಿಗೆ ಪಿಡಿಎಫ್ ಹಾಕಿ ಅಲ್ಲಿಂದ ಮುದ್ರಿಸುವುದೇ ಮೇಲು.

ಯಾವುದು ಯಾರಿಗೆ

ಮನೆಗೆ, ಅಂಗಡಿಗೆ, ಮೊದಲ ಸಲ ಲಿನಕ್ಸ್ ಮುಟ್ಟುವವರಿಗೆ ನಮ್ಮ ಶಿಫಾರಸು ಲಿನಕ್ಸ್ ಮಿಂಟ್, ಸಿನಮನ್ ಆವೃತ್ತಿ. 22ರ ಸರಣಿ ಉಬುಂಟು 24.04ರ ಮೇಲೆ ನಿಂತಿದೆ, 2029ರವರೆಗೆ ಬೆಂಬಲ ಇದೆ. ಮೆನು, ಟಾಸ್ಕ್‌ಬಾರ್ ವಿಂಡೋಸ್ 7 ಅಥವಾ 10 ಬಳಸಿದವರ ಕೈಗೆ ತಕ್ಷಣ ಒಗ್ಗುತ್ತವೆ. ಟೈಮ್‌ಶಿಫ್ಟ್ ಮೊದಲಿನಿಂದಲೇ ಇರುವುದರಿಂದ ಅಪ್‌ಡೇಟ್ ಏನಾದರೂ ಕೆಡಿಸಿದರೆ ಹಿಂದಿನ ಸ್ಥಿತಿಗೆ ಮರಳಬಹುದು. ಒಂದು ಎಚ್ಚರ: ಟೈಮ್‌ಶಿಫ್ಟ್ ಕಾಯುವುದು ವ್ಯವಸ್ಥೆಯ ಕಡತಗಳನ್ನು. ನಿಮ್ಮ ಫೋಟೊ, ದಾಖಲೆಗಳಿಗೆ ಬೇರೆ ಬ್ಯಾಕಪ್ ಬೇಕು, ಅದೂ ಬೇರೆ ಡಿಸ್ಕಿನಲ್ಲಿ. 4 ಜಿಬಿ ಯಂತ್ರವಾದರೆ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. ಆದರೂ ಹದಿನೈದು ಟ್ಯಾಬ್ ತೆರೆದರೆ ಅದು ಏದುಸಿರು ಬಿಡುತ್ತದೆ. ರ‍್ಯಾಮ್ ತಿನ್ನುವುದು ಡೆಸ್ಕ್‌ಟಾಪಿಗಿಂತ ಬ್ರೌಸರ್.

ಹತ್ತಾರು ಯಂತ್ರಗಳಿರುವ ಕಚೇರಿಗೆ ಉಬುಂಟು ಎಲ್‌ಟಿಎಸ್, ಅಂದರೆ ದೀರ್ಘಾವಧಿ ಬೆಂಬಲದ ಆವೃತ್ತಿ. ಸಮ ಸಂಖ್ಯೆಯ ವರ್ಷದ ಏಪ್ರಿಲ್‌ನಲ್ಲಿ ಬರುತ್ತದೆ, ಐದು ವರ್ಷ ನಡೆಯುತ್ತದೆ. ಉಬುಂಟು ಪ್ರೊ ಎಂಬ ಚಂದಾ ಸೇರಿಸಿದರೆ ಹತ್ತು ವರ್ಷ. ಐದು ಯಂತ್ರಗಳವರೆಗೆ ಅದು ಉಚಿತ. ಕಂಪ್ಯೂಟರ್ ತಯಾರಕರು, ಸಾಫ್ಟ್‌ವೇರ್ ಕಂಪನಿಗಳು ಲಿನಕ್ಸ್ ಎಂದಾಗ ಮೊದಲು ಪರೀಕ್ಷಿಸುವುದು ಇದನ್ನೇ, ಯಾವುದೇ ದೋಷ ಸಂದೇಶವನ್ನು ಹುಡುಕಿದರೂ ಮೊದಲು ಸಿಗುವ ಉತ್ತರವೂ ಇದರದ್ದೇ. ಎಲ್‌ಟಿಎಸ್ ಅಲ್ಲದ ನಡುವಿನ ಆವೃತ್ತಿಗಳಿಗೆ ಒಂಬತ್ತೇ ತಿಂಗಳ ಆಯಸ್ಸು, ಅವನ್ನು ಕಚೇರಿಗೆ ತರಬೇಡಿ. ಇನ್ನೊಂದು ಮಾತನ್ನು ಬಹಳ ಜನ ಗಮನಿಸುವುದಿಲ್ಲ: ಉಬುಂಟುವಿನ ಬೇರೆ ರೂಪಗಳಾದ ಕುಬುಂಟು, ಕ್ಸುಬುಂಟು, ಲುಬುಂಟು ಎಲ್‌ಟಿಎಸ್‌ಗಳಿಗೆ ಸಿಗುವುದು ಮೂರು ವರ್ಷದ ಬೆಂಬಲ ಮಾತ್ರ. ಹೆಸರಿನಲ್ಲಿ ಎಲ್‌ಟಿಎಸ್ ಇದೆಯೆಂದು ಐದು ವರ್ಷದ ಲೆಕ್ಕ ಹಾಕಿದರೆ ನಡುವೆ ಕೈ ಜಾರುತ್ತದೆ.

ಡೆಬಿಯನ್ ಅಲುಗಾಡದ ವ್ಯವಸ್ಥೆ. 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯಿಂದ, ವೈಫೈಯಂಥ ಭಾಗಗಳು ನಡೆಯಲು ಬೇಕಾದ ಫರ್ಮ್‌ವೇರ್ ಇನ್‌ಸ್ಟಾಲರ್‌ನೊಳಗೇ ಇರುವುದರಿಂದ, ವೈಫೈ ಕಾಣುವುದಿಲ್ಲವೆಂಬ ಹಳೆಯ ದೂರು ಬಹುಮಟ್ಟಿಗೆ ಹೋಗಿದೆ. 13ನೇ ಆವೃತ್ತಿ 2025ರ ಆಗಸ್ಟ್‌ನಲ್ಲಿ ಬಂತು. ಮೂರು ವರ್ಷ ಪೂರ್ಣ ಬೆಂಬಲ, ಆಮೇಲೆ ಎರಡು ವರ್ಷ ಎಲ್‌ಟಿಎಸ್. ಒಮ್ಮೆ ಸರಿಯಾಗಿ ಹೊಂದಿಸಿ ವರ್ಷಗಟ್ಟಲೆ ಮುಟ್ಟದೆ ಇಡುವ ಯಂತ್ರಕ್ಕೆ, ಗ್ರಂಥಾಲಯದ ಅಥವಾ ಕೌಂಟರಿನ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಈ ವರ್ಷವಷ್ಟೇ ಮಾರುಕಟ್ಟೆಗೆ ಬಂದ ಲ್ಯಾಪ್‌ಟಾಪ್‌ಗೆ ಮಾತ್ರ ಇದರ ಕರ್ನಲ್ (ಹಾರ್ಡ್‌ವೇರ್ ನಡೆಸುವ ತಿರುಳು) ಹಳೆಯದಾಗಬಹುದು. 32 ಬಿಟ್ ಪ್ರೊಸೆಸರಿನ ತೀರಾ ಹಳೆಯ ಯಂತ್ರಕ್ಕೆ ಇನ್‌ಸ್ಟಾಲರ್ ಇದ್ದ ಕೊನೆಯ ಡೆಬಿಯನ್ 12. ಅಂಥ ಯಂತ್ರವನ್ನು ಇನ್ನು ನಿವೃತ್ತಿಗೊಳಿಸುವುದೇ ಒಳಿತು.

ಫೆಡೋರಾ ಹೊಸ ಹಾರ್ಡ್‌ವೇರ್ ಇರುವವರಿಗೆ, ತಂತ್ರಾಂಶ ಬರೆಯುವವರಿಗೆ. ಆರು ತಿಂಗಳಿಗೊಂದು ಆವೃತ್ತಿ, ಪ್ರತಿಯೊಂದಕ್ಕೂ ಸುಮಾರು ಹದಿಮೂರು ತಿಂಗಳ ಬೆಂಬಲ. ಅಂದರೆ ವರ್ಷಕ್ಕೊಮ್ಮೆಯಾದರೂ ದೊಡ್ಡ ಅಪ್‌ಗ್ರೇಡ್ ಮಾಡಲೇಬೇಕು. ಒಬ್ಬರ ಲ್ಯಾಪ್‌ಟಾಪಿಗೆ ಇದು ಕಷ್ಟವಲ್ಲ, ಮೂವತ್ತು ಯಂತ್ರಗಳ ಕಚೇರಿಗೆ ಹೊರೆ. ಕೆಲವು ವಿಡಿಯೊ ಕೊಡೆಕ್‌ಗಳಿಗೂ ಎನ್‌ವಿಡಿಯಾ ಡ್ರೈವರಿಗೂ ಆರ್‌ಪಿಎಂ ಫ್ಯೂಷನ್ ಭಂಡಾರ ಸೇರಿಸಿಕೊಳ್ಳಬೇಕು.

ಹತ್ತು ವರ್ಷ ಒಂದೇ ಆವೃತ್ತಿ ಬೇಕೆನ್ನುವ ಎಂಜಿನಿಯರಿಂಗ್ ಕಚೇರಿಗಳಿಗೆ ರೆಡ್ ಹ್ಯಾಟ್, ಅಥವಾ ಚಂದಾ ಇಲ್ಲದ ಆಲ್ಮಾಲಿನಕ್ಸ್. ಕೊಳ್ಳುವ ಮುಂಚೆ ಪ್ರೊಸೆಸರ್ ನೋಡಿ: ರೆಡ್ ಹ್ಯಾಟ್ 10ಕ್ಕೆ ಇಂಟೆಲ್‌ನ ಹ್ಯಾಸ್‌ವೆಲ್, ಅಂದರೆ ನಾಲ್ಕನೇ ತಲೆಮಾರಾದರೂ ಬೇಕು. ಅದಕ್ಕಿಂತ ಹಳೆಯದಕ್ಕೆ ಆಲ್ಮಾ 10 ಪ್ರತ್ಯೇಕ ಆವೃತ್ತಿ ಕೊಡುತ್ತದೆ. ಲಿಬ್ರೆಆಫೀಸ್ ರೆಡ್ ಹ್ಯಾಟ್ 10ರ ಭಂಡಾರದಲ್ಲಿ ಇಲ್ಲ, ಫ್ಲ್ಯಾಟ್‌ಪ್ಯಾಕ್ ಎಂಬ ಪ್ರತ್ಯೇಕ ಪೊಟ್ಟಣ ವ್ಯವಸ್ಥೆಯ ಮೂಲಕ ಹಾಕಬೇಕು. ದಿನನಿತ್ಯದ ಕಾಗದಪತ್ರದ ಕಚೇರಿಗೆ ಇದು ಹೇಳಿ ಮಾಡಿಸಿದ್ದಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಝೋರಿನ್ ವಿಂಡೋಸ್‌ನಂತೆಯೇ ಕಾಣಬೇಕೆನ್ನುವವರಿಗೆ ಚೆನ್ನ, ಒಳಗಿರುವುದು ಉಬುಂಟುವೇ. ಓಪನ್‌ಸೂಸೆಯಲ್ಲಿ ಕೆಟ್ಟ ಅಪ್‌ಡೇಟ್ ಆದರೆ ಬೂಟ್ ಮೆನುವಿನಿಂದಲೇ ಹಿಂದಿನ ಸ್ನ್ಯಾಪ್‌ಶಾಟ್‌ಗೆ ಹೋಗುವ ಸೌಲಭ್ಯ ಬಹಳ ಸೊಗಸು. ಆರ್ಚ್, ಮಂಜಾರೊಗಳಂಥ ನಿರಂತರ ಅಪ್‌ಡೇಟಿನವನ್ನು ಕಲಿಯಲು ಇಟ್ಟುಕೊಳ್ಳಿ, ರಿಟರ್ನ್ ಸಲ್ಲಿಸುವ ಯಂತ್ರಕ್ಕೆ ಬೇಡ.

ಕನ್ನಡ

ನಾವು ಆಯ್ಕೆ ಮಾಡುವಾಗ ಈ ಪರೀಕ್ಷೆಯನ್ನು ಎಂದೂ ಬಿಡಬಾರದು. ತೋರಿಕೆಯಲ್ಲಿ ಎಲ್ಲ ಡಿಸ್ಟ್ರೊಗಳೂ ಕನ್ನಡವನ್ನು ಸರಿಯಾಗಿಯೇ ತೋರಿಸುತ್ತವೆ. ಲೋಹಿತ್, ನೋಟೊ, ಗುಬ್ಬಿ, ನವಿಲು ಫಾಂಟ್‌ಗಳು ಭಂಡಾರಗಳಲ್ಲೇ ಇವೆ. ವ್ಯತ್ಯಾಸ ಇರುವುದು ಟೈಪ್ ಮಾಡುವಾಗ.

ಕೀಬೋರ್ಡ್ ಪಟ್ಟಿಯಲ್ಲಿ ನುಡಿ ತಂತ್ರಾಂಶದ ಕಗಪ ವಿನ್ಯಾಸ ಎರಡು ರೂಪದಲ್ಲಿ ಸಿಗುತ್ತದೆ. ಒಂದು ಎಕ್ಸ್‌ಕೆಬಿ ವಿನ್ಯಾಸ. ಅದು ಹಿಂದಿನ ಅಕ್ಷರ ಯಾವುದೆಂದು ನೋಡಲಾರದು, ಹಾಗಾಗಿ ಪದದ ಮೊದಲಿನ ಸ್ವರಕ್ಕೆ ಬೇರೆ ಕೀಲಿಜೋಡಿ ಒತ್ತಬೇಕಾಗುತ್ತದೆ. ಇನ್ನೊಂದು ಐಬಸ್ ಎಂಬ ಟೈಪಿಂಗ್ ತಂತ್ರಾಂಶದ ಎಂ17ಎನ್ ಒಳಗಿನ ಕಗಪ. ಅದು ಸ್ವರವೋ ಗುಣಿತವೋ ಎಂದು ತಾನೇ ತೀರ್ಮಾನಿಸುತ್ತದೆ. ನುಡಿಯಲ್ಲಿ ಪಳಗಿದ ಬೆರಳಿಗೆ ಬೇಕಾದದ್ದು ಈ ಎರಡನೆಯದು. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಐಬಸ್-ಎಂ17ಎನ್ ಎಂದು ಹುಡುಕಿ ಹಾಕಿ, ಲಾಗ್‌ಔಟ್ ಮಾಡಿ ಮತ್ತೆ ಒಳಬನ್ನಿ. ಹಾಗೆ ಮಾಡದಿದ್ದರೆ ಪಟ್ಟಿಯಲ್ಲಿ ಅದು ಕಾಣುವುದೇ ಇಲ್ಲ. ಉಬುಂಟು, ಫೆಡೋರಾದಲ್ಲಿ ಸೆಟ್ಟಿಂಗ್ಸ್, ಕೀಬೋರ್ಡ್, ಇನ್‌ಪುಟ್ ಸೋರ್ಸಸ್ ಎಂದು ಹೋಗಿ ಸೇರಿಸಿದರೆ ಮುಗಿಯಿತು. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿದರೆ ಭಾಷೆ ಬದಲು. ಮಿಂಟ್ 22ರಲ್ಲಿ ಮೊದಲು ಇನ್‌ಪುಟ್ ಮೆಥಡ್ ಎಂಬಲ್ಲಿ ಐಬಸ್ ಆರಿಸಬೇಕಾಗಬಹುದು. ಕೆಡಿಇ ಎಂಬ ಡೆಸ್ಕ್‌ಟಾಪಿನ ವೇಲ್ಯಾಂಡ್ ಪರದೆ ವ್ಯವಸ್ಥೆಯಲ್ಲಿ ಸಿಸ್ಟಂ ಸೆಟ್ಟಿಂಗ್ಸ್‌ನ ವರ್ಚುವಲ್ ಕೀಬೋರ್ಡ್ ಪುಟಕ್ಕೆ ಹೋಗಿ ಐಬಸ್ ವೇಲ್ಯಾಂಡ್ ಗುರುತು ಹಾಕದಿದ್ದರೆ ಕೆಲವು ಆ್ಯಪ್‌ಗಳಲ್ಲಿ ಕನ್ನಡ ಮೂಡುವುದಿಲ್ಲ.

ಲಿಬ್ರೆಆಫೀಸ್‌ನಲ್ಲಿ ಫಾಂಟ್ ಬದಲಿಸಿದರೂ ಕನ್ನಡ ಅಕ್ಷರ ಬದಲಾಗುತ್ತಿಲ್ಲ ಎಂಬುದು ಪದೇಪದೇ ಕೇಳಿಬರುವ ದೂರು. ಅದು ಕನ್ನಡವನ್ನು ಸಂಕೀರ್ಣ ಲಿಪಿ ಎಂದು ಬೇರೆ ಖಾತೆಯಲ್ಲಿಡುತ್ತದೆ, ಇಂಗ್ಲಿಷಿಗೂ ಕನ್ನಡಕ್ಕೂ ಬೇರೆಬೇರೆ ಫಾಂಟ್, ಬೇರೆಬೇರೆ ಗಾತ್ರ. ಟೂಲ್ಸ್, ಆಪ್ಷನ್ಸ್, ಭಾಷೆಗಳ ಪುಟದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ (ಸಿಟಿಎಲ್) ಗುರುತು ಮಾಡಿ ಕನ್ನಡ ಆರಿಸಿ. ಆಮೇಲೆ ರೈಟರ್‌ನ ಮೂಲ ಫಾಂಟ್‌ಗಳಲ್ಲಿ ಸಿಟಿಎಲ್ ವಿಭಾಗಕ್ಕೆ ನಿಮಗೆ ಬೇಕಾದ ಕನ್ನಡ ಫಾಂಟ್ ಇಡಿ. ವಿಂಡೋಸ್‌ನ ತುಂಗಾ, ನಿರ್ಮಲಾದಲ್ಲಿ ಮಾಡಿದ ಪತ್ರ ಇಲ್ಲಿ ಬೇರೆ ಫಾಂಟಿನಲ್ಲಿ ತೆರೆದುಕೊಂಡು ಪುಟಗಳ ಸಂಖ್ಯೆ ಬದಲಾಗುತ್ತದೆ, ಅಂತಿಮ ಪ್ರತಿಯನ್ನು ಪಿಡಿಎಫ್‌ನಲ್ಲೇ ಕಳಿಸಿ. ಇಂಗ್ಲಿಷಿನ ಕ್ಯಾಲಿಬ್ರಿ, ಕೇಂಬ್ರಿಯಾಗಳ ಬದಲಿಗೆ ಅದೇ ಅಳತೆಯ ಕಾರ್ಲಿಟೊ, ಕಲಾಡಿಯಾ ಇವೆ, ಅಲ್ಲಿ ಸಾಲು ಜಾರುವುದು ಕಡಿಮೆ.

ಹಳೆಯ ನುಡಿ ಅಥವಾ ಬರಹದಲ್ಲಿ, ಯುನಿಕೋಡ್ ಬರುವ ಮುಂಚೆ ಟೈಪಿಸಿದ ಕಡತಗಳು ಲಿನಕ್ಸ್‌ನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ವಿಂಡೋಸ್ ಇನ್ನೂ ಜೀವಂತ ಇರುವಾಗಲೇ ಅಲ್ಲಿನ ಪರಿವರ್ತಕದಿಂದ ಯುನಿಕೋಡ್ ಮಾಡಿಕೊಳ್ಳಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತು ಮತ್ತು ನಡುವೆ ಬರುವ ಇಂಗ್ಲಿಷ್ ಪದಗಳನ್ನು ಕಣ್ಣಿಟ್ಟು ನೋಡಿ. ಇಂಗ್ಲಿಷ್ ಪದಗಳೂ ಕನ್ನಡದ ಗೊಜಲಾಗಿ ಬದಲಾಗಿರುವುದು ಸಾಮಾನ್ಯ.

ಪ್ರಯತ್ನಿಸಿ, ಆಮೇಲೆ ಕೂರಿಸಿ

8 ಜಿಬಿಯ ಪೆನ್‌ಡ್ರೈವ್ ಸಾಕು. ಡಿಸ್ಟ್ರೊದ ಐಎಸ್‌ಒ ಕಡತವನ್ನು ಅಧಿಕೃತ ಜಾಲತಾಣದಿಂದಲೇ ಇಳಿಸಿ, ಕಡತ ಸರಿಯಾಗಿ ಇಳಿದಿದೆಯೇ ಎಂದು ತಿಳಿಸುವ ಶಾ256 ಮೊತ್ತ ತಾಳೆ ನೋಡಿ, ರೂಫಸ್ ಅಥವಾ ಬಲೆನಾ ಎಚರ್‌ನಿಂದ ಬರೆಯಿರಿ. ಅರ್ಧ ಇಳಿದ ಕಡತದಿಂದ ಇನ್‌ಸ್ಟಾಲ್ ನಡುವೆ ನಿಂತರೆ ಡಿಸ್ಟ್ರೊವನ್ನು ಬೈಯುತ್ತಾ ಕೂರುವಂತಾಗುತ್ತದೆ. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಲೈವ್ ಆಗಿ ಓಡಿಸಿ ವೈಫೈ, ಧ್ವನಿ, ಮೈಕು, ಕ್ಯಾಮೆರಾ, ಪ್ರೊಜೆಕ್ಟರ್, ಪ್ರಿಂಟರ್ ನೋಡಿ. ಲ್ಯಾಪ್‌ಟಾಪ್ ಮುಚ್ಚಳ ಮುಚ್ಚಿ ತೆರೆದು ನಿದ್ದೆಯಿಂದ ಎದ್ದೇಳುತ್ತದೆಯೇ ಗಮನಿಸಿ. ಪೆನ್‌ಡ್ರೈವ್‌ನಿಂದ ನಿಧಾನವಾಗಿಯೇ ಓಡುತ್ತದೆ, ವೇಗವನ್ನು ಅದರಿಂದ ಅಳೆಯಬೇಡಿ.

ಇನ್‌ಸ್ಟಾಲರಿಗೆ ಎಸ್‌ಎಸ್‌ಡಿ ಕಾಣದಿದ್ದರೆ ಬಯಾಸ್‌ನಲ್ಲಿ (ಯಂತ್ರ ಆನ್ ಆಗುವಾಗಿನ ಮೂಲ ಸೆಟ್ಟಿಂಗ್) ಸಾಮಾನ್ಯವಾಗಿ ಇಂಟೆಲ್ ಆರ್‌ಎಸ್‌ಟಿ ಅಥವಾ ವಿಎಂಡಿ ಎಂಬ ಡಿಸ್ಕ್ ವಿಧಾನ ಆನ್ ಆಗಿರುತ್ತದೆ, ಅದನ್ನು ಎಎಚ್‌ಸಿಐಗೆ ಬದಲಿಸಬೇಕು. ವಿಂಡೋಸ್ ಉಳಿಸಿಕೊಳ್ಳುವವರು ಸಿದ್ಧತೆಯಿಲ್ಲದೆ ಇದನ್ನು ಬದಲಿಸಿದರೆ ವಿಂಡೋಸ್ ಬೂಟ್ ಆಗದು. ವಿಂಡೋಸ್‌ನ ಡಿಸ್ಕ್ ಬೀಗವಾದ ಬಿಟ್‌ಲಾಕರ್‌ನ ರಿಕವರಿ ಕೀಲಿಯನ್ನು ಬರೆದಿಟ್ಟುಕೊಳ್ಳದೆ ಬಯಾಸ್ ಮುಟ್ಟಲೇಬೇಡಿ. ಎರಡೂ ಒಟ್ಟಿಗೆ ಇಟ್ಟುಕೊಂಡರೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಇಲ್ಲವಾದರೆ ಡಿ ಡ್ರೈವ್ ಲಿನಕ್ಸ್‌ನಲ್ಲಿ ಓದಲಷ್ಟೇ ತೆರೆದುಕೊಳ್ಳುತ್ತದೆ ಅಥವಾ ತೆರೆಯುವುದೇ ಇಲ್ಲ. ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹೆಚ್ಚುಕಡಿಮೆ ಆದರೆ ಗಾಬರಿ ಬೇಡ: ಲಿನಕ್ಸ್ ಯಂತ್ರದ ಗಡಿಯಾರವನ್ನು ಯುಟಿಸಿಯಲ್ಲಿಡುತ್ತದೆ, ವಿಂಡೋಸ್ ಸ್ಥಳೀಯ ಸಮಯದಲ್ಲಿ. ಲಿನಕ್ಸ್ ಅನ್ನು ಸ್ಥಳೀಯ ಸಮಯಕ್ಕೆ ಹೊಂದಿಸಿದರೆ ಸರಿಹೋಗುತ್ತದೆ.

ಎನ್‌ವಿಡಿಯಾ ಕಾರ್ಡ್ ಇದ್ದು ಸೆಕ್ಯೂರ್ ಬೂಟ್ ಆನ್ ಇದ್ದರೆ, ಡ್ರೈವರ್ ಹಾಕುವಾಗ ಒಂದು ಗುಪ್ತಪದ ಕೇಳುತ್ತದೆ. ರೀಬೂಟ್ ಆದಾಗ ನೀಲಿ ಪರದೆ ಬರುತ್ತದೆ, ಅಲ್ಲಿ ಎನ್‌ರೋಲ್ ಎಂಒಕೆ ಆರಿಸಿ ಅದೇ ಗುಪ್ತಪದ ಕೊಡಬೇಕು. ಆ ಪರದೆ ಕೆಲವೇ ಕ್ಷಣ ಇರುತ್ತದೆ. ತಪ್ಪಿಸಿಕೊಂಡರೆ ಡ್ರೈವರ್ ಇದ್ದೂ ಇಲ್ಲದಂತೆ.

ಕಚೇರಿಗೆ ಒಂದಿಷ್ಟು ಹೆಚ್ಚು

ಎಲ್ಲ ಯಂತ್ರಗಳಿಗೂ ಒಂದೇ ಡಿಸ್ಟ್ರೊ, ಒಂದೇ ಆವೃತ್ತಿ. ಮತ್ತೆ, ಒಮ್ಮೆಲೇ ಬದಲಿಸಬೇಡಿ. ಫ್ರಾನ್ಸಿನ ಝಾಂಡಾರ್ಮರಿ ಪೊಲೀಸ್ ಪಡೆ 2005ರಲ್ಲಿ ವಿಂಡೋಸ್ ಮೇಲೆಯೇ ಓಪನ್‌ಆಫೀಸ್‌ಗೆ ಬದಲಾಯಿತು, 2006ರಲ್ಲಿ ಫೈರ್‌ಫಾಕ್ಸ್ ಮತ್ತು ಥಂಡರ್‌ಬರ್ಡ್‌ಗೆ, ಆಮೇಲೆ 2008ರಿಂದ ಉಬುಂಟುವಿಗೆ. ಸಿಬ್ಬಂದಿಗೆ ಅಪರಿಚಿತವಾದದ್ದು ಆ ಹೊತ್ತಿಗೆ ಡೆಸ್ಕ್‌ಟಾಪ್ ಒಂದೇ ಆಗಿತ್ತು. ಹತ್ತು ಜನರ ಕಚೇರಿಗೂ ಇದೇ ಕ್ರಮ ಒಪ್ಪುತ್ತದೆ: ಈಗಿರುವ ವಿಂಡೋಸ್‌ನಲ್ಲೇ ಲಿಬ್ರೆಆಫೀಸ್ ಹಾಕಿ ಎರಡು ತಿಂಗಳು ಬಳಸಲಿ, ಮುರಿಯುವ ಕಡತಗಳು ಆಗಲೇ ಹೊರಬೀಳುತ್ತವೆ.

ಲ್ಯಾಪ್‌ಟಾಪ್‌ಗಳಿಗೆ ಇನ್‌ಸ್ಟಾಲ್ ಮಾಡುವಾಗಲೇ ಡಿಸ್ಕ್ ಎನ್‌ಕ್ರಿಪ್ಷನ್ ಆರಿಸಿ, ಆಮೇಲೆ ಸೇರಿಸುವುದು ತ್ರಾಸ. ಗುಪ್ತಪದ ಮರೆತರೆ ದತ್ತಾಂಶ ಮರಳಿ ಬಾರದು, ಅದರ ಒಂದು ಪ್ರತಿಯನ್ನು ಮೊಹರು ಮಾಡಿದ ಲಕೋಟೆಯಲ್ಲಿಡಿ. ದಿನದ ಬಳಕೆಯ ಖಾತೆಗೆ ಆಡಳಿತ ಅಧಿಕಾರ ಬೇಡ. ಭದ್ರತಾ ಅಪ್‌ಡೇಟ್ ತಾನಾಗಿ ಆಗುವಂತೆ ಇಡಿ. ನೆಟ್ ನಿಧಾನವಿದ್ದರೆ ಒಂದು ಯಂತ್ರದಲ್ಲಿ ಆಪ್ಟ್-ಕ್ಯಾಷರ್-ಎನ್‌ಜಿ ಹಾಕಿ, ಒಮ್ಮೆ ಇಳಿದ ಪೊಟ್ಟಣವನ್ನು ಉಳಿದವು ಅಲ್ಲಿಂದಲೇ ಪಡೆಯುತ್ತವೆ. ವಿಂಡೋಸ್ ಡೊಮೇನ್ (ಎಲ್ಲರ ಖಾತೆಗಳನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ) ಇರುವ ಕಡೆ ಉಬುಂಟುವನ್ನು ಇನ್‌ಸ್ಟಾಲ್ ವೇಳೆಯಲ್ಲೇ ಆ್ಯಕ್ಟಿವ್ ಡೈರೆಕ್ಟರಿಗೆ ಸೇರಿಸಬಹುದು, ಆದರೆ ಗ್ರೂಪ್ ಪಾಲಿಸಿಯ ಪೂರ್ಣ ಹಿಡಿತಕ್ಕೆ ಉಬುಂಟು ಪ್ರೊ ಬೇಕು. ಒಂದು ಎಲ್‌ಟಿಎಸ್‌ನಿಂದ ಮುಂದಿನದಕ್ಕೆ ಬಿಡುಗಡೆಯ ದಿನವೇ ಹಾರಬೇಡಿ. ಮೊದಲ ಪಾಯಿಂಟ್ ಆವೃತ್ತಿ (ತಿದ್ದುಪಡಿಗಳ ಕಂತು) ಬಂದ ಮೇಲೆಯೇ ಉಬುಂಟು ಸಹ ಅಪ್‌ಗ್ರೇಡ್ ಸೂಚನೆ ಕೊಡುತ್ತದೆ.

ಹಳೆಯ ಡಿಸ್ಕನ್ನು ಅಳಿಸುವ ಬದಲು ಬಿಚ್ಚಿ ತೆಗೆಯಿರಿ, ಹೊಸ ಎಸ್‌ಎಸ್‌ಡಿಯ ಮೇಲೆ ಲಿನಕ್ಸ್ ಹಾಕಿ. ತೆಗೆದದ್ದರ ಮೇಲೆ ಯಂತ್ರದ ಹೆಸರು, ದಿನಾಂಕ, ಬಿಟ್‌ಲಾಕರ್ ಇದ್ದರೆ ಕೀಲಿ ಎಲ್ಲಿದೆ ಎಂಬುದನ್ನು ಬರೆದು ಬೀರುವಿನಲ್ಲಿಡಿ. ತ್ರೈಮಾಸಿಕ ಟಿಡಿಎಸ್, ವಾರ್ಷಿಕ ಜಿಎಸ್‌ಟಿ, ಆಡಿಟ್ ಈ ಮೂರೂ ಒಂದು ಸುತ್ತು ಮುಗಿಯುವವರೆಗೆ ಅದು ಅಲ್ಲೇ ಇರಲಿ. ವರ್ಷಕ್ಕೊಮ್ಮೆ ಮಾತ್ರ ತೆರೆಯುವ ಕಡತಗಳ ನೆನಪು ಬರುವುದು ಆಗಲೇ.